ಕೇಳಿದವನ ಋಣ

ಒಳ್ಳೆಯದೊಂದನ್ನು ಕಂಡವನು ಅದನ್ನು ನೆರೆಯವನಿಗೆ ತಿಳಿಸಬೇಕೇ, ಬೇಡವೇ? ಪ್ರಶ್ನೆ ಸುಲಭವಾಗಿ ತೋರುತ್ತದೆ. ಹೊಲದ ಬದುವಿನಲ್ಲಿ ಸಿಹಿನೀರಿನ ಸೆಲೆಯನ್ನು ಕಂಡವನು ಅದನ್ನು ಕಲ್ಲಿನಿಂದ ಮುಚ್ಚಿಟ್ಟರೆ ನಾವು ಅವನನ್ನು ಲೋಭಿಯೆಂದು ಕರೆಯುತ್ತೇವೆ. ಆದರೆ ಒಳ್ಳೆಯ ಹಾಡೊಂದನ್ನು ಕೇಳಿ, ತಾನೊಬ್ಬನೇ ಸವಿದು, ಯಾರಿಗೂ ಹೇಳದೆ ಮಲಗಿದವನನ್ನು ಯಾರೂ ಹಾಗೆ ಕರೆಯುವುದಿಲ್ಲ. ನೀರು ಅವಶ್ಯಕ, ಹಾಡು ವಿಲಾಸ ಎಂಬ ಎಣಿಕೆ ಇದರ ಹಿಂದೆ ಇದ್ದೀತು. ಇಲ್ಲವೆ, ರುಚಿಯೆಂಬುದು ಅವರವರ ಸ್ವಂತದ್ದು, ಅದರಲ್ಲಿ ಪರರಿಗೇನು ಕೆಲಸ ಎಂಬ ಸಂಕೋಚವಿದ್ದೀತು. ಈ ಎರಡು ಎಣಿಕೆಗಳೂ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ಕೊಂಚ ವಿಚಾರಿಸಬೇಕೆಂದಿದ್ದೇವೆ. ಈ ವಿಚಾರಕ್ಕೆ ನಮ್ಮನ್ನು ತೊಡಗಿಸಿದುದು ಶಾಲೆಯ ಒಂದು ಸಣ್ಣ ಸಂಗತಿ.

ನಮ್ಮ ಕಡೆಯ ಒಂದು ಕನ್ನಡ ವರ್ಗದಲ್ಲಿ, ಮನೆಯಲ್ಲಿ ಕೇಳಿದ ಐದು ಹಾಡುಗಳನ್ನು ಬರೆದು ತರಬೇಕೆಂದು ಮಕ್ಕಳಿಗೆ ಹೇಳಿದ್ದೆವು. ಬಹುಮಂದಿ ಚಲನಚಿತ್ರದ ಹಾಡುಗಳನ್ನು ಬರೆದರು. ಕೆಲವರು ಕನ್ನಡದವನ್ನು, ಹೆಚ್ಚಿನವರು ಮರಾಠಿ ಹಿಂದಿಗಳವನ್ನು. ಒಬ್ಬ ಹುಡುಗನ ಕಾಗದ ಮಾತ್ರ ಖಾಲಿಯಾಗಿತ್ತು. ಅವನ ಅಜ್ಜ ಡೊಳ್ಳಿನ ಮೇಳದಲ್ಲಿ ಹಾಡುವವರೆಂಬುದನ್ನು ಪಕ್ಕದ ಹುಡುಗ ತಿಳಿಸಿದನು. ನಾವು, “ಹಾಗಿದ್ದರೆ ಅದನ್ನೇಕೆ ಬರೆಯಲಿಲ್ಲ?” ಎಂದು ಕೇಳಿದೆವು. ಹುಡುಗ ತಲೆ ತಗ್ಗಿಸಿ, “ಅದು ಹಾಡಲ್ರೀ ಸರ, ಅದು ನಮ್ಮಜ್ಜ ಹಾಡೂದು” ಎಂದನು.

ವರ್ಗದ ಮಕ್ಕಳೆಲ್ಲ ನಕ್ಕರು. ನಮಗೆ ನಗೆ ಬರಲಿಲ್ಲ. ಆ ಬಾಲಕನ ದೃಷ್ಟಿಯಲ್ಲಿ ಹಾಡೆಂದರೆ ಬೇರೆ ಎಲ್ಲಿಂದಲೋ ಬರತಕ್ಕದ್ದು, ಎಲ್ಲರಿಗೂ ಮೊದಲೇ ಗೊತ್ತಿರತಕ್ಕದ್ದು. ಬೀರಪ್ಪ ಮಾಳಿಂಗರಾಯರ ಕಥೆಯನ್ನು ರಾತ್ರಿಯೆಲ್ಲ ಬಾಯಿಂದ ಹರಿಸಬಲ್ಲ ಅಜ್ಜನ ಕಂಠವು ಆ ಲೆಕ್ಕಕ್ಕೆ ಬರುವಂತಿರಲಿಲ್ಲ. ಅವನಿಗೆ ಅದು ಕೇಳಿಸಿರಲಿಲ್ಲವೆಂದಲ್ಲ. ಅದು ಕೇಳತಕ್ಕದ್ದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಾಗೆ ಹೇಳಬೇಕಾದವರು ಯಾರು? ಆ ಪ್ರಶ್ನೆ ನಮ್ಮ ಕಡೆಗೇ ತಿರುಗಿತು.

ಪ್ರಸಿದ್ಧಿಯೇ ಗುಣದ ಅಳತೆಯಲ್ಲವೆಂಬುದನ್ನು ಎಲ್ಲರೂ ಬಾಯಿಂದ ಒಪ್ಪುತ್ತಾರೆ. ಒಪ್ಪಿದ ಮೇಲೆಯೂ ಪ್ರಸಿದ್ಧವಾದುದನ್ನೇ ಕೇಳುತ್ತಾರೆ. ಆದರೆ ಪ್ರಸಿದ್ಧವಾದ ಪ್ರತಿಯೊಂದೂ ಒಂದು ದಿನ ಅಪ್ರಸಿದ್ಧವಾಗಿತ್ತು. ಯಾರೋ ಒಬ್ಬನು ಕೇಳಿ ಇನ್ನೊಬ್ಬನಿಗೆ ಹೇಳಿದುದರಿಂದಲೇ ಅದು ಬೆಳಕಿಗೆ ಬಂದಿತು. ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರಬೇಕಾಗಿಲ್ಲ. ಬೇಡಗದಿಂದ ಒಂದು ಕಡೆಗೆ ಹೊರಟರೆ ಮಿರಜ, ಅದರಾಚೆ ಸಾಂಗಲಿ. ಇನ್ನೊಂದು ಕಡೆಗೆ ಹೊರಟರೆ ಕರ್ನಾಟಕದ ಮಂಗಸೂಳಿ. ಈ ದಾರಿಯ ಮೇಲೆ ನಾದವು ಬಹುಕಾಲದಿಂದ ಎರಡು ಕಡೆಗೂ ನಡೆದಾಡಿದೆ.

1842ರ ಸುಮಾರಿಗೆ ಉತ್ತರ ಕನ್ನಡದ ಹೊನ್ನಾವರದ ಬಳಿಯ ಕರ್ಕಿಯಿಂದ ಯಕ್ಷಗಾನದ ಮೇಳವೊಂದು ಸಾಂಗಲಿಗೆ ಬಂದು ಆಟವಾಡಿತು. ಅಂದಿನ ಸಾಂಗಲಿಯ ಅರಸರಾದ ಚಿಂತಾಮಣರಾವ ಪಟವರ್ಧನರು ಅದನ್ನು ಕಂಡು ಮೆಚ್ಚಿದರು. ಮೆಚ್ಚಿ, ಇನಾಮು ಕೊಟ್ಟು, ಸುಮ್ಮನಾಗಿದ್ದರೆ ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ, ಇಂಥದೊಂದನ್ನು ಮರಾಠಿಯಲ್ಲಿಯೂ ಮಾಡಬೇಕೆಂದು ಹೇಳಿದರು. 1843ರಲ್ಲಿ ‘ಸೀತಾಸ್ವಯಂವರ’ ಆಡಲ್ಪಟ್ಟಿತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಕರಾವಳಿಯ ಒಂದು ಹಳ್ಳಿಯ ಮೇಳದ ಹೆಸರನ್ನು ಅಂದು ಸಾಂಗಲಿಯಲ್ಲಿ ಎಷ್ಟು ಜನ ಕೇಳಿದ್ದಾರು? ಒಬ್ಬ ಸಹೃದಯನು ನೋಡಿದ್ದನ್ನು ತನ್ನಲ್ಲಿಯೇ ಇಟ್ಟುಕೊಳ್ಳಲಿಲ್ಲ ಎಂಬುದಷ್ಟೇ ಇಲ್ಲಿಯ ವಿಶೇಷ.

ಮಿರಜದ ಕಥೆಯೂ ಇಂತಹುದೇ. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಅಬ್ದುಲ್ ಕರೀಮ್ ಖಾನರು ನಮ್ಮ ಮಿರಜದಲ್ಲಿ ನೆಲೆಸಿದರು. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿ, ಸಣ್ಣದೊಂದು ರೈಲು ನಿಲ್ದಾಣದಲ್ಲಿ ಅವರು ತೀರಿಕೊಂಡಾಗ, ದೇಹವನ್ನು ಮಿರಜಕ್ಕೇ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಅವರ ಗಾಯನವು ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಧಾರವಾಡದ ಸೀಮೆಯನ್ನು ಹೊಕ್ಕು, ಗಂಗೂಬಾಯಿ ಹಾನಗಲ್ಲರಲ್ಲಿಯೂ ಭೀಮಸೇನ ಜೋಶಿಯವರಲ್ಲಿಯೂ ಬೆಳೆಯಿತು. ಈ ಭೀಮಸೇನರು ಬಾಲ್ಯದಲ್ಲಿ ಗದಗಿನ ಅಂಗಡಿಯೊಂದರಲ್ಲಿ ಖಾನರ ಝಿಂಝೋಟಿ ಠುಮರಿಯ ಮುದ್ರಿಕೆಯನ್ನು ಕೇಳಿ, ಹಾಡಿದರೆ ಹೀಗೆ ಹಾಡಬೇಕೆಂದು ನಿಶ್ಚಯಿಸಿದುದನ್ನು ತಾವೇ ಹೇಳಿಕೊಂಡಿದ್ದಾರೆ. ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಮೂರೂವರೆ ನಿಮಿಷದ ಹಾಡು ಮಾತ್ರ. ಅದನ್ನು ಹಚ್ಚಿದ ಅಂಗಡಿಯವನಾರೋ ನಮಗೆ ಗೊತ್ತಿಲ್ಲ. ತನ್ನ ಕೈಯಿಂದ ಏನಾಯಿತೆಂಬುದು ಅವನಿಗೂ ಗೊತ್ತಾಗಿರಲಿಕ್ಕಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಒಳ್ಳೆಯದು ತಾನಾಗಿಯೇ ಪ್ರಕಾಶಕ್ಕೆ ಬರುತ್ತದೆ, ಕಸ್ತೂರಿಯ ಪರಿಮಳವನ್ನು ಯಾರೂ ಸಾರಬೇಕಾಗಿಲ್ಲ ಎನ್ನುವರು. ಮಾತು ಚೆನ್ನಾಗಿದೆ, ಆದರೆ ನಿಜವಲ್ಲ. ಅಬ್ದುಲ್ ಕರೀಮ್ ಖಾನರ ಮಗ ಸುರೇಶಬಾಬು ಮಾನೆಯವರು 1902ರಿಂದ 1953ರವರೆಗೆ ಬದುಕಿದರು. ತಂಗಿ ಹೀರಾಬಾಯಿ ಬಡೋದೇಕರರಿಗೂ, ಮುಂದೆ ಪ್ರಭಾ ಅತ್ರೆಯವರಿಗೂ ವಿದ್ಯೆ ಕೊಟ್ಟವರು ಅವರು. ಶಿಷ್ಯರ ಹೆಸರು ದೇಶವೆಲ್ಲ ಹಬ್ಬಿತು. ಗುರುವಿನ ಕಂಠವನ್ನು ಕೇಳಿದವರು ಇಂದು ವಿರಳ. ಪರಿಮಳ ಕಡಿಮೆಯಿತ್ತೆಂದಲ್ಲ, ಗಾಳಿ ಬೀಸಲಿಲ್ಲ. ಗಾಳಿಯಾಗುವುದು ಕೇಳಿದವನ ಕೆಲಸ.

ಮುದ್ರಿಕೆಯೇ ಇಲ್ಲದ ಹಾಡುಗಳ ಗತಿಯಂತೂ ಇನ್ನೂ ಕಷ್ಟದ್ದು. ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಇದ್ದರು. ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳು ಅವರ ಮನೆಗಳಲ್ಲಿಯೂ ಇದ್ದವು, ನೂರಾರು ಹಳ್ಳಿಗಳ ಮನೆಗಳಲ್ಲಿಯೂ ಇದ್ದವು. ಎಲ್ಲರ ಕಿವಿಗೂ ಬಿದ್ದುದನ್ನು ಇವರು ಕಿವಿಗೊಟ್ಟು ಕೇಳಿದರು. ಕೇಳಿ, 1931ರಲ್ಲಿ ‘ಗರತಿಯ ಹಾಡು’ ಎಂದು ಲೋಕಕ್ಕೆ ಕೊಟ್ಟರು. ಕನ್ನಡದ ವಿದ್ವಾಂಸರು ಆಗ ಬೆರಗಾಗಿ ತಮ್ಮ ತಾಯಂದಿರ ಕಡೆಗೆ ತಿರುಗಿ ನೋಡಿದರು. ಬೀಸುವ ಕಲ್ಲುಗಳು ಇಂದು ಮೂಲೆ ಸೇರಿವೆ. ಆ ನಾಲ್ವರು ಗೆಳೆಯರು ನಮ್ಮ ಹುಡುಗನಂತೆ, ಅದು ಹಾಡಲ್ಲ, ನಮ್ಮವ್ವ ಹಾಡುವುದು ಎಂದು ಸುಮ್ಮನಿದ್ದಿದ್ದರೆ ಎಷ್ಟು ಹೋಗುತ್ತಿತ್ತೆಂಬುದನ್ನು ಓದುಗರೇ ಎಣಿಸಲಿ. ಆದುದರಿಂದ ಸಂಗೀತದ ವಿಷಯದಲ್ಲಿ ಮೌನವು ನಿರ್ದೋಷವಾದುದಲ್ಲ. ಹೇಳದೆ ಉಳಿದುದು ಎಷ್ಟೋ ಸಲ ಉಳಿಯದೆಯೇ ಹೋಗುತ್ತದೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ಪರರ ರುಚಿಯನ್ನು ತಿದ್ದಲು ನಮಗೇನು ಅಧಿಕಾರ? ಇದಕ್ಕೆ ಉತ್ತರ ಕೊಡುವ ಮುನ್ನ, ಅಧಿಕಾರದಿಂದ ತಿದ್ದಹೊರಟಾಗ ಏನಾಯಿತೆಂಬುದನ್ನು ನೋಡಬೇಕು. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ. ವಿ. ಕೇಸಕರರು ಶಾಸ್ತ್ರೀಯ ಸಂಗೀತದ ನಿಜವಾದ ಅಭಿಮಾನಿಗಳು. ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಅದೇ ವರುಷ ಮೊದಲಾಯಿತು. ಅದರಿಂದ ಅನೇಕ ಗಾಯಕರಿಗೆ ಉಪಕಾರವಾದುದನ್ನು ಮರೆಯಲಾಗದು. ಆದರೆ ಜನರಿಗೆ ಒಳ್ಳೆಯದನ್ನು ಕೇಳಿಸಬೇಕೆಂಬ ಆತುರದಲ್ಲಿ ಅವರು ಚಲನಚಿತ್ರದ ಹಾಡುಗಳನ್ನು ಬಾನುಲಿಯಿಂದ ದೂರಮಾಡಿದರು. ಜನರು ಶಾಸ್ತ್ರೀಯ ಸಂಗೀತಕ್ಕೆ ಒಲಿಯಲಿಲ್ಲ. ಮುಳ್ಳನ್ನು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿಯನ್ನು ತೆರೆದು ಆ ಹಾಡುಗಳನ್ನು ಮರಳಿ ಕರೆತರಬೇಕಾಯಿತು.

ಇದರಿಂದ ತಿಳಿಯುವುದೇನು? ಜನರು ಒಳ್ಳೆಯದನ್ನು ಒಲ್ಲರೆಂದಲ್ಲ. ಒಬ್ಬನು ಪ್ರೀತಿಸುವುದನ್ನು ಕಸಿದುಕೊಂಡು ಅದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಅವನು ಇಟ್ಟುದನ್ನು ನೋಡುವುದಿಲ್ಲ, ಕಸಿದುದನ್ನು ನೆನೆಯುತ್ತಾನೆ. ಹೇರುವುದು ಬೇರೆ, ಹೇಳುವುದು ಬೇರೆ. ಹೇರುವವನು, ನಿನ್ನದು ಹೀನವೆಂದು ಮೊದಲುಮಾಡುತ್ತಾನೆ. ಹೇಳುವವನಾದರೋ, ನಾನು ಇದನ್ನು ಕೇಳಿದೆ, ನೀನೂ ಒಮ್ಮೆ ಕೇಳು ಎನ್ನುತ್ತಾನೆ. ಕೇಳಿ ಬಿಡುವ ಸ್ವಾತಂತ್ರ್ಯವನ್ನು ಎದುರಿನವನಲ್ಲಿಯೇ ಉಳಿಸುತ್ತಾನೆ. ನಮ್ಮ ಶಿಕ್ಷಕ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಮಗುವಿನ ಬಾಯಲ್ಲಿದ್ದ ಸಿನಿಮಾ ಹಾಡನ್ನು ನೋಡಿ ಹುಬ್ಬು ಗಂಟಿಕ್ಕಿದ ಗುರುವು ತರುವಾಯ ಯಾವ ರಾಗವನ್ನು ಹೆಸರಿಸಿದರೂ ಅದು ಶಿಕ್ಷೆಯಂತೆಯೇ ಕೇಳಿಸುತ್ತದೆ.

ಈ ವಿಷಯದಲ್ಲಿ ಮಿರಜದ ಕುಶಲಕರ್ಮಿಗಳು ನಮಗೆ ಪಾಠ ಹೇಳಬಲ್ಲರು. ಹತ್ತೊಂಬತ್ತನೆಯ ಶತಮಾನದಲ್ಲಿ ಶಸ್ತ್ರಗಳನ್ನು ಹದಗೊಳಿಸುತ್ತಿದ್ದ ಮನೆತನದ ಫರೀದಸಾಹೇಬರು ಸಿತಾರು ತಂಬೂರಿಗಳನ್ನು ಮಾಡತೊಡಗಿದರು. ಅವರ ಪರಂಪರೆಯ ಕೈಗಳು ಇಂದಿಗೂ ಸೋರೆಬುರುಡೆಗೆ ಮರವನ್ನು ಕೂಡಿಸಿ ನಾದ ಹುಟ್ಟಿಸುತ್ತಿವೆ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ತಂಬೂರಿಯ ಕೆಲಸವೇನೆಂಬುದನ್ನು ನೋಡಿರಿ. ನಾಲ್ಕು ತಂತಿಗಳು, ಅದು ರಾಗವನ್ನು ನುಡಿಸುವುದಿಲ್ಲ, ಗಾಯಕನಿಗಿಂತ ಮುಂದೆ ಹೋಗುವುದಿಲ್ಲ. ಆದರೆ ಅದಿಲ್ಲದೆ ಸ್ವರವು ನಿಲ್ಲಲು ನೆಲವಿಲ್ಲ. ಒಳ್ಳೆಯ ಸಂಗೀತವನ್ನು ಪರರಿಗೆ ಹೇಳುವವನು ತಂಬೂರಿಯಂತಿರಬೇಕು. ಕೇಳುವವನಿಗೆ ಶ್ರುತಿ ಹಿಡಿದುಕೊಡಬೇಕು, ಹಾಡನ್ನು ತಾನೇ ಹಾಡಿಬಿಡಬಾರದು.

ಈಗಿನ ಕಾಲದಲ್ಲಿ ಹೇಳುವವನ ಅವಶ್ಯಕತೆಯೇ ಇಲ್ಲವೆಂದು ಕೆಲವರು ಭಾವಿಸಬಹುದು. ಕಿಸೆಯಲ್ಲಿರುವ ಫೋನು ಒಂದು ಹಾಡು ಮುಗಿಯುತ್ತಲೇ ಇನ್ನೊಂದನ್ನು ತಾನೇ ಮುಂದಿಡುತ್ತದೆ. ಉಪಕಾರವೇ ಸರಿ; ಹಿಂದೆ ಶ್ರೀಮಂತರ ಮನೆಯ ಕಪಾಟಿನಲ್ಲಿದ್ದ ಹಳೆಯ ತಟ್ಟೆಗಳ ನಾದವನ್ನು ಇಂದು ಬೇಡಗದ ಹುಡುಗಿಯೂ ಕಟ್ಟೆಯ ಮೇಲೆ ಕುಳಿತು ಕೇಳಬಲ್ಲಳು. ಆದರೆ ಯಂತ್ರವು ಬಹುಮಟ್ಟಿಗೆ ಮುಂದಿಡುವುದು ಬಹುಜನರು ಕೇಳಿದುದನ್ನು, ಇಲ್ಲವೆ ನಾವು ನಿನ್ನೆ ಕೇಳಿದುದನ್ನೇ ಹೋಲುವುದನ್ನು. ಅದು ತಾನು ಕೇಳಿ ಹೇಳುವುದಿಲ್ಲ. ತನ್ನ ಮಾತಿಗೆ ಹೊಣೆಯನ್ನೂ ಹೊರುವುದಿಲ್ಲ. ಗೆಳೆಯನು ಹೇಳಿದ ಹಾಡು ಹಿಡಿಸದಿದ್ದರೆ ಮರುದಿನ ಅವನೊಡನೆ ವಾದಿಸಬಹುದು. ಆ ವಾದದಲ್ಲಿಯೇ ಅರ್ಧ ಸಂಗೀತಶಿಕ್ಷಣವಿದೆ.

ಹಾಗಾದರೆ ಹೇಳುವವನ ಹೊಣೆಗಳೇನು? ನಮಗೆ ತೋಚಿದವು ಮೂರು. ಮೊದಲನೆಯದು, ತಾನು ಮನಸಾರೆ ಕೇಳದೆ ಇನ್ನೊಬ್ಬರಿಗೆ ಹೇಳಬಾರದು. ಒಮ್ಮೆಯಲ್ಲ, ಮೂರು ಸಲ ಕೇಳಿರಬೇಕು. ಎರಡನೆಯದು, ಚೆನ್ನಾಗಿದೆ ಎಂದಷ್ಟೇ ಹೇಳದೆ, ಎಲ್ಲಿ ಕಿವಿ ಇಡಬೇಕೆಂಬುದನ್ನು ತಿಳಿಸಬೇಕು. ಮೂರನೆಯದು, ಹಾಡಿದವರ ಹೆಸರನ್ನು ಬಿಡದೆ ಹೇಳಬೇಕು.

ಈ ಹೊಣೆಗಳಿಗೆ ಒಳಪಟ್ಟು ನಾವೂ ಕೆಲವನ್ನು ಹೆಸರಿಸುತ್ತೇವೆ. ಅಬ್ದುಲ್ ಕರೀಮ್ ಖಾನರ ಠುಮರಿಗಳನ್ನು ಕೇಳಿದವರು ಬಹಳ. ಅವರು ತ್ಯಾಗರಾಜರ ಕೃತಿಯೊಂದನ್ನು ಖರಹರಪ್ರಿಯ ರಾಗದಲ್ಲಿ ಹಾಡಿದ ಮುದ್ರಿಕೆಯನ್ನು ಕೇಳಿದವರು ಕಡಿಮೆ. ಉತ್ತರದ ಕಂಠವೊಂದು ದಕ್ಷಿಣದ ಮನೆಯನ್ನು ಅತಿಥಿಯ ವಿನಯದಿಂದ ಪ್ರವೇಶಿಸುವುದನ್ನು ಅಲ್ಲಿ ಕೇಳಬೇಕು. ಸುರೇಶಬಾಬುಗಳ ಹಾಡಿನಲ್ಲಿ ಅವಸರವಿಲ್ಲದಿರುವಿಕೆಯನ್ನು ಗಮನಿಸಬೇಕು; ಒಂದು ಸ್ವರದ ಬಳಿಗೆ ಬಂದು, ನಿಂತು, ಮಾತನಾಡಿಸಿ ಮುಂದೆ ಹೋಗುವ ರೀತಿ ಅದು. ಅವರ ಇನ್ನೊಬ್ಬ ತಂಗಿ, 1913ರಲ್ಲಿ ಮಿರಜದಲ್ಲಿಯೇ ಹುಟ್ಟಿದ ಸರಸ್ವತಿ ರಾಣೆಯವರು, ಅಕ್ಕ ಹೀರಾಬಾಯಿಯವರೊಡನೆ ಜುಗಲಬಂದಿ ಹಾಡುತ್ತಿದ್ದರು. ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಜಗ್ಗದೆ ಎತ್ತಿಕೊಳ್ಳುವುದನ್ನು ಅಲ್ಲಿ ಕೇಳಬಹುದು; ಸ್ಪರ್ಧೆಯಿಲ್ಲದ ಜೊತೆಗಾರಿಕೆಗೆ ಅದು ಮಾದರಿ. ವಚನಗಳನ್ನು ಪುಸ್ತಕದಲ್ಲಿ ಮಾತ್ರ ಬಲ್ಲ ವಿದ್ಯಾರ್ಥಿಗಳು ರಾಯಚೂರಿನ ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರನ್ನು (1918–1988) ಕೇಳಲಿ. ರಾಗವು ವಚನದ ಮಾತನ್ನು ನುಂಗದೆ ಹೊತ್ತುಕೊಂಡು ಹೋಗುವುದು ಅಲ್ಲಿ ತಿಳಿಯುತ್ತದೆ. ಜನಪದ ಗೀತೆಯೆಂದರೆ ವಾದ್ಯಗಳ ಗದ್ದಲವೆಂದು ತಿಳಿದವರು ಬೆಳಗಾವಿ ಜಿಲ್ಲೆಯ ಮುರಗೋಡದ ಹುಕ್ಕೇರಿ ಬಾಳಪ್ಪನವರನ್ನು (1911–1992) ಕೇಳಲಿ. ಒಂದೇ ಕಂಠವು ಒಂದು ಊರನ್ನೇ ಎದುರಿಗೆ ತಂದು ನಿಲ್ಲಿಸುವುದನ್ನು ಕಾಣುವರು. ತಮ್ಮ ತಮ್ಮ ಸೀಮೆಗಳಲ್ಲಿ ಇವರು ಹೆಸರಾದವರೇ. ಆದರೆ ಗಡಿಯೆಂಬುದು ಕಿವಿಗೂ ಬೇಲಿ ಹಾಕುತ್ತದೆ.

ಇಷ್ಟು ಹೇಳಿ ಮುಗಿಸಿದ್ದರೆ ನಮ್ಮ ಮಾತು ಸುಗಮವಾಗಿ ಮುಗಿಯುತ್ತಿತ್ತು. ಆದರೆ ನಮ್ಮಿಂದಲೇ ಆದ ತಪ್ಪೊಂದನ್ನು ಹೇಳದಿದ್ದರೆ ಈ ವಿಚಾರವು ಅರ್ಧವಾಗುತ್ತದೆ. ಮೇಲಿನ ಸಂಗತಿ ನಡೆದ ತರುವಾಯ ಉತ್ಸಾಹಗೊಂಡು ಊರಿನ ಹಿರಿಯರ ಹಾಡುಗಳನ್ನು ಫೋನಿನಲ್ಲಿ ಹಿಡಿಯತೊಡಗಿದೆವು. ಮುದುಕಿಯೊಬ್ಬಳು ಬೀಸುವ ಹಾಡನ್ನು ಹಾಡಿದಳು, ಅದು ಅಪೂರ್ವವಾಗಿತ್ತು. ಅದನ್ನು ಶಾಲೆಯ ಕೂಟದಲ್ಲಿ ಧ್ವನಿವರ್ಧಕದ ಮೂಲಕ ಎಲ್ಲರಿಗೂ ಕೇಳಿಸಿದೆವು. ಸಂಜೆ ಆಕೆ ನಮ್ಮನ್ನು ಹುಡುಕಿಕೊಂಡು ಬಂದು ಹೇಳಿದಳು: “ಅದು ನನ್ನ ಮಗಳು ತೀರಿಕೊಂಡ ವರ್ಷ ಕಟ್ಟಿದ್ದಪಾ. ನೀವು ಮನಿಗೆ ಬಂದ್ರಿ ಅಂತ ಹಾಡಿದೆ. ಮೈಕಿನ್ಯಾಗ ಹಾಕ್ರಿ ಅಂತ ಹಾಡಿದ್ದಲ್ಲ.”

ನಮ್ಮಲ್ಲಿ ಉತ್ತರವಿರಲಿಲ್ಲ. ಹಂಚುವುದು ಧರ್ಮವೆಂದು ನಂಬಿದ್ದ ನಾವು, ನಮ್ಮದಲ್ಲದ್ದನ್ನು ಹಂಚಿದ್ದೆವು. ಹೊಲದ ಸೆಲೆಯ ಉಪಮೆಯು ಇಲ್ಲಿ ಸಾಲದು. ನೀರು ಯಾರ ದುಃಖದಿಂದಲೂ ಹುಟ್ಟಿದುದಲ್ಲ, ಹಾಡು ಹಾಗಲ್ಲ. ಸಭೆಗೆಂದು ಕೊಟ್ಟ ಹಾಡುಂಟು, ಮನೆಯವರಿಗೆಂದು ಕೊಟ್ಟ ಹಾಡುಂಟು, ತನಗೆಂದೇ ಇಟ್ಟುಕೊಂಡ ಹಾಡೂ ಉಂಟು. ಮೊದಲನೆಯದನ್ನು ಹೇಳದಿರುವುದು ಲೋಭ. ಕೊನೆಯದನ್ನು ಹೇಳುವುದು ದ್ರೋಹ. ಇವೆರಡನ್ನು ಬೇರ್ಪಡಿಸುವ ಉಪಾಯ ಒಂದೇ: ಹಾಡಿದವರನ್ನು ಕೇಳುವುದು. ಆದುದರಿಂದ ಮೇಲೆ ಹೇಳಿದ ಮೂರು ಹೊಣೆಗಳಿಗೆ ನಾಲ್ಕನೆಯದನ್ನು ಸೇರಿಸಿದ್ದೇವೆ. ಕ್ರಮದಲ್ಲಿ ಅದೇ ಮೊದಲನೆಯದಾಗಬೇಕಿತ್ತು. ಆ ಧ್ವನಿಯನ್ನು ನಾವು ಅಳಿಸಿದೆವು. ಅಪೂರ್ವವಾದುದೊಂದು ನಷ್ಟವಾಯಿತಲ್ಲ ಎಂದು ಮನಸ್ಸು ಕಸಿವಿಸಿಗೊಂಡುದು ನಿಜ. ಆದರೆ ಅದು ಉಳಿಯಬೇಕೋ ಬೇಡವೋ ಎಂಬ ತೀರ್ಪು ನಮ್ಮದಾಗಿರಲಿಲ್ಲ. ಕೆಲವು ತಿಂಗಳ ಮೇಲೆ ಆಕೆಯೇ ಕರೆಕಳುಹಿಸಿ, ಬೇರೆಯದೊಂದು ಹಾಡನ್ನು ಹಾಡಿ, “ಇದನ್ನ ಬೇಕಾದ್ರ ಹುಡುಗ್ಯಾರಿಗೆ ಕಲಸ್ರಿ” ಎಂದಳು. ಮೊದಲಿನಷ್ಟು ಅಪೂರ್ವವಾದುದು ಅದಾಗಿರಲಿಲ್ಲ. ಆದರೂ ನಮ್ಮ ಹುಡುಗಿಯರು ಅದನ್ನು ನಿರ್ಭಯವಾಗಿ ಹಾಡುತ್ತಾರೆ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಹಾಡು ವಿಲಾಸವೆಂಬ ಎಣಿಕೆ ನಿಲ್ಲಲಾರದು. ತನ್ನ ಮನೆಯ ದನಿಯನ್ನು ಹಾಡೆಂದು ಕರೆಯಲಾರದ ಮಗುವು ಒಂದು ಬಗೆಯ ಬಡತನದಲ್ಲಿಯೇ ಬೆಳೆಯುತ್ತದೆ. ರುಚಿ ಸ್ವಂತದ್ದೆಂಬ ಎಣಿಕೆಯೂ ಅರ್ಧ ಸತ್ಯವೇ. ನಮ್ಮ ರುಚಿಯಲ್ಲಿ ನಾವೇ ಕಂಡುಕೊಂಡುದು ಎಷ್ಟು, ಯಾರೋ ಕೈಹಿಡಿದು ತೋರಿಸಿದುದು ಎಷ್ಟು ಎಂಬುದನ್ನು ಪ್ರಾಮಾಣಿಕವಾಗಿ ಲೆಕ್ಕಹಾಕಿದರೆ ಎರಡನೆಯ ರಾಶಿಯೇ ದೊಡ್ಡದಾಗುತ್ತದೆ. ತೋರಿಸಿದವರಿಗೆ ಆ ಸಾಲವನ್ನು ತಿರುಗಿ ಕೊಡುವಂತಿಲ್ಲ. ಗದಗಿನ ಅಂಗಡಿಯವನನ್ನು ಈಗ ಎಲ್ಲಿ ಹುಡುಕುವುದು? ಮುಂದಿನವರಿಗೆ ತೋರಿಸುವುದರಿಂದ ಮಾತ್ರ ಅದು ತೀರುತ್ತದೆ. ಇದನ್ನೇ ನಾವು ಕೇಳಿದವನ ಋಣವೆಂದು ಕರೆದಿದ್ದೇವೆ.

ಓದುಗರಾದ ಗುರುಗಳೂ ವಿದ್ಯಾರ್ಥಿಗಳೂ ಒಂದು ಕೆಲಸ ಮಾಡಬೇಕೆಂದು ನಮ್ಮ ಬಿನ್ನಹ. ತಾವು ಮನೆಯಲ್ಲಿ ಕೇಳಿ ಮೆಚ್ಚಿದ, ಆದರೆ ನೆರೆಯವರು ಕೇಳಿರದ ಒಂದೇ ಒಂದು ಹಾಡನ್ನು ಆರಿಸಿ, ಹಾಡಿದವರ ಹೆಸರನ್ನೂ ಅದರಲ್ಲಿ ಏನನ್ನು ಕೇಳಬೇಕೆಂಬುದನ್ನೂ ಎರಡು ಸಾಲಿನಲ್ಲಿ ಬರೆದು ಇನ್ನೊಬ್ಬರಿಗೆ ಕೊಡಬೇಕು. ಖಾಲಿ ಕಾಗದ ಕೊಟ್ಟಿದ್ದ ಆ ಹುಡುಗನೂ ವರುಷದ ಕೊನೆಗೆ ಅಜ್ಜನ ಒಪ್ಪಿಗೆ ಪಡೆದು ಹೀಗೆ ಬರೆದು ಕೊಟ್ಟನು. ಹಾಡಿದವರು ಎಂಬಲ್ಲಿ, ‘ನಮ್ಮ ಅಜ್ಜ’ ಎಂದಿತ್ತು. ಏನನ್ನು ಕೇಳಬೇಕು ಎಂಬಲ್ಲಿ, ‘ಡೊಳ್ಳು ನಿಂತ ಮ್ಯಾಲೆ ಒಂದ ಸಾಲು ಬರತೈತಿ, ಅದು’ ಎಂದಿತ್ತು. ನಾವು ಹೋಗಿ ಕೇಳಿದೆವು. ಅವನು ಹೇಳಿದ ಸಾಲು ಅವನು ಹೇಳಿದಲ್ಲಿಯೇ ಬಂದಿತು.